ಚಿತ್ರವಿಲ್ಲದ ಸಾಲು

"ಇದನ್ನ ಇಟ್ಕೊಂಡು ನಾನೇನು ಮಾಡ್ಲಿ, ಹೇಳಿ. ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕ್ಲಾ?"

ಇನ್ಸ್‌ಪೆಕ್ಟರು ಕಾಗದದ ಕಟ್ಟನ್ನು ಮೇಜಿನ ಮೇಲೆ ಒಗೆದ ರಭಸಕ್ಕೆ ಮೇಲಿನ ಹಾಳೆಗಳು ಜಾರಿ ನೆಲಕ್ಕೆ ಬಿದ್ದವು. ವಕೀಲಮ್ಮ ಅವನ್ನು ಎತ್ತಿಕೊಳ್ಳಲು ಹೋಗಲಿಲ್ಲ. ಬಗ್ಗಿ ಎದ್ದರೆ ಎದುರಿಗಿದ್ದ ನೀರಿನ ಲೋಟವನ್ನೂ ಎತ್ತಿ ಅವನ ಮುಖಕ್ಕೆ ಎರಚಿಬಿಟ್ಟೇನು ಎಂಬ ಭಯ ಅವಳಿಗಿತ್ತು. ಕರಿಕೋಟು ಬಿಟ್ಟು ಪತ್ತೇದಾರಿಕೆಗೆ ಇಳಿದು ವರ್ಷಗಳಾಗಿದ್ದರೂ ಜನ ಅವಳನ್ನು ವಕೀಲಮ್ಮ ಎಂದೇ ಕರೆಯುತ್ತಿದ್ದರು. ಕೋಟಿನ ಜೊತೆ ಕೋಪವನ್ನೂ ಬಿಡಲು ಅವಳಿಂದ ಆಗಿರಲಿಲ್ಲ.

"ಕತ್ತರಿ ಕಾಣೆಯಾದ ದಿನವೇ ಅವನ ಚಾನೆಲ್ಲಿಂದ ವಿಡಿಯೊ ಎಲ್ಲಾ ಮಾಯ ಆಗಿದೆ," ಎಂದಳು. ಸಿನಿಮಾ ತುಣುಕು ಕತ್ತರಿಸಿ ಜೋಡಿಸುವ ಆ ಹುಡುಗನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. "ಒಂದೂ ಉಳಿದಿಲ್ಲ, ರೂಮಲ್ಲಿದ್ದ ಕಂಪ್ಯೂಟರೂ ಕಾಣ್ತಿಲ್ಲ. ಅದರಲ್ಲಿ ಏನಿತ್ತು ಅಂತ ಹೇಳೋದು ಈ ಕಾಗದ ಮಾತ್ರ."

"ಮಾಯ ಆಗಿದ್ದಲ್ಲ, ಅವನೇ ಅಳಿಸಿದಾನೆ. ಅಳಿಸಿ, ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೋಗಿದಾನೆ. ವಯಸ್ಸಿನ ಹುಡುಗ, ತಲೆ ಕೆಟ್ಟಿರತ್ತೆ, ತಣ್ಣಗಾದ ಮೇಲೆ ಬರ್ತಾನೆ." ಇನ್ಸ್‌ಪೆಕ್ಟರು ಒಂದು ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ. "ಸಿನಿಮಾ ಯಾರದ್ದೋ. ಹಾಡು ಇನ್ಯಾರದ್ದೋ. ಅದನ್ನ ಕತ್ತರಿಸಿ ಅಂಟಿಸಿ ಅಭಿಮಾನಿ ವಿಡಿಯೊ ಅಂತ ಮಾಡೋನು ಇವನು. ಅದರಲ್ಲಿ ಹೀರೊ ಹೀಗೆ ತಿರುಗಿದ, ಹಾಗೆ ನಡೆದ ಅಂತ ಕೂತು ಬರೆಯೋನು ಮತ್ತೊಬ್ಬ. ಎಂಜಲಿನ ಎಂಜಲು ಮೇಡಂ ಇದು. ಇದು ಸಾಕ್ಷಿನಾ?"

ವಕೀಲಮ್ಮನ ಮೈ ಉರಿದುಹೋಯಿತು. ಅದು ಸುಳ್ಳೆಂದಲ್ಲ. ಈ ಕೇಸು ಹಿಡಿದ ಮೊದಲ ದಿನ ಅವಳೂ ಹೆಚ್ಚುಕಡಿಮೆ ಇದೇ ಮಾತನ್ನು ಇನ್ನಷ್ಟು ನಯವಾಗಿ ಆಡಿದ್ದಳು. ತನ್ನ ಮಾತನ್ನೇ ಇಂಥವನ ಬಾಯಲ್ಲಿ ಕೇಳುವುದು ಯಾರಿಗೆ ತಾನೇ ಇಷ್ಟವಾಗುತ್ತದೆ?

ಪಕ್ಕದ ಕುರ್ಚಿಯಲ್ಲಿ ಕತ್ತರಿಯ ಅಕ್ಕ ಕೂತಿದ್ದಳು. ಮಡಚುವ ಬಿಳಿ ಕೋಲು ತೊಡೆಯ ಮೇಲಿತ್ತು. ಹುಟ್ಟಿನಿಂದ ಅವಳಿಗೆ ಕಣ್ಣು ಕಾಣದು. ಅವಳ ಹಿಂದೆ, ಹೆಗಲ ಮೇಲೆ ಕೈಯಿಟ್ಟು, ಅವಳ ಗಂಡ ನಿಂತಿದ್ದ. ಕತ್ತರಿಗೆ ಭಾವ. ಕೇಸು ಶುರುವಾದಾಗಿನಿಂದ ಎಲ್ಲರೂ ಅವನನ್ನು ಭಾವ ಎಂದೇ ಕರೆದು ಅದೇ ಹೆಸರಾಗಿಬಿಟ್ಟಿತ್ತು.

"ನಿಮಗೆ ಅದು ಎಂಜಲು ಸಾರ್," ಎಂದಳು ಅಕ್ಕ. "ನನಗೆ ಅದೇ ಊಟ."

ಇನ್ಸ್‌ಪೆಕ್ಟರು ಕೆಮ್ಮಿದ. ಭಾವ ನಗುತ್ತ ಮಧ್ಯೆ ಬಂದ. "ತಪ್ಪು ತಿಳ್ಕೋಬೇಡಿ ಸಾರ್. ತಮ್ಮ ಅಂದ್ರೆ ಇವಳಿಗೆ ಪ್ರಾಣ. ನಾನೂ ಹೇಳ್ತಾನೇ ಇದೀನಿ, ಅವನು ಬರ್ತಾನೆ ಕಣೇ, ಬರ್ತಾನೆ ಅಂತ."

"ಸಂಜೆ ಫೈಲ್ ಮುಚ್ತೀನಿ," ಎಂದ ಇನ್ಸ್‌ಪೆಕ್ಟರು. "ಅಷ್ಟರೊಳಗೆ ಮನುಷ್ಯರ ಬಾಯಿಂದ ಒಂದು ಮಾತು ತನ್ನಿ. ಹೀರೊ ಕುಣಿದಿದ್ದು ಬೇಡ."

ನೆಲದ ಮೇಲಿನ ಹಾಳೆಗಳನ್ನು ಭಾವನೇ ಬಗ್ಗಿ ಆಯ್ದು, ಧೂಳು ಕೊಡವಿ, ಜೋಡಿಸಿ ಕೊಟ್ಟ.

ಕಾರು ಓಡಿಸುತ್ತಿದ್ದವನೂ ಭಾವನೇ. ಹಿಂದಿನ ಸೀಟಿನಲ್ಲಿ ಹೆಂಗಸರಿಬ್ಬರು. ಅಕ್ಕನ ಫೋನು ಬರಹವನ್ನು ಗಟ್ಟಿಯಾಗಿ ಓದಿ ಹೇಳುವಂಥದು, ಆದರೆ ಅದು ಯಾವಾಗಲೂ ಭಾವನ ಅಂಗಿಯ ಜೇಬಿನಲ್ಲಿರುತ್ತಿತ್ತು. ಎಲ್ಲಾದರೂ ಬೀಳಿಸಿಕೊಂಡರೆ ಎಂದು ಅವನ ಕಾಳಜಿ.

"ನೀವು ಓದಿ ಮೇಡಂ," ಎಂದಳು ಅಕ್ಕ.

"ಎಲ್ಲಾ ಓದಿದೀನಲ್ಲಮ್ಮ."

"ಹಾಡಿನ ಜೊತೆ ಓದಿ. ಆಗ ಗೊತ್ತಾಗತ್ತೆ."

ವಕೀಲಮ್ಮನಿಗೆ ಪಿತ್ತ ನೆತ್ತಿಗೇರಿತು. ಸಂಜೆಯೊಳಗೆ ಒಬ್ಬ ಜೀವಂತ ಹುಡುಗನನ್ನು ಹುಡುಕಬೇಕು, ಇವಳಿಗೆ ಹಾಡು ಬೇಕಂತೆ! ಆದರೂ ಓದತೊಡಗಿದಳು. ಬಯ್ಯುವುದಕ್ಕಿಂತ ಓದುವುದು ಸುಲಭವಾಗಿತ್ತು.

ವರ್ಣನೆ ಬರೆಯುತ್ತಿದ್ದವನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದವನು. ಅಭಿಮಾನಿ ಗುಂಪಿನ ಹುಡುಗ ಹುಡುಗಿಯರಿಗೆ ಅವನು ಪ್ರೆಸ್ ಮಾಮ. ಅವನದೊಂದು ಪದ್ಧತಿಯಿತ್ತು. ಹಾಡಿನ ಒಂದೊಂದು ಸಾಲಿಗೂ ಪರದೆಯ ಮೇಲೆ ಕಂಡದ್ದನ್ನು ಒಂದು ಸಾಲಲ್ಲಿ ಬರೆಯುವುದು. ಕಂಡದ್ದು ಮಾತ್ರ, ತನಗೆ ಅನಿಸಿದ್ದಲ್ಲ. ಪರದೆ ಬರೀ ಕಪ್ಪಾಗಿದ್ದರೆ 'ಕತ್ತಲು' ಎಂದು ಬರೆಯುತ್ತಿದ್ದ. ಅದನ್ನೂ ಬಿಡುತ್ತಿರಲಿಲ್ಲ.

"ಹೀರೊ ಎಡಗೈಯಿಂದ ಕಾಲರ್ ಎತ್ತಿಕೊಂಡು ಮೇಲೆ ನೋಡುತ್ತಾನೆ," ಎಂದು ಓದಿದಳು. "ತಾಳ ಬಿದ್ದಾಗ ಚಿತ್ರ ಬದಲು. ಮೆಟ್ಟಿಲ ತುದಿಯಲ್ಲಿ ಹೀರೊಯಿನ್. ಬಲಗೆನ್ನೆಯ ಮಚ್ಚೆ ಕಾಣುವಷ್ಟು ಹತ್ತಿರ. ಅವನದು ಒಂದು ಸಿನಿಮಾ, ಅವಳದು ಮತ್ತೊಂದು. ಅವನ ನೋಟ ಹೋಗಿ ನಿಲ್ಲುವುದು ಅವಳು ನಿಂತಲ್ಲಿ."

ಬೇಡವೆಂದರೂ ಅವಳ ದನಿ ನಿಧಾನವಾಯಿತು. ಒಂದೇ ಸಿನಿಮಾದಲ್ಲಿ ಯಾವತ್ತೂ ಒಟ್ಟಿಗೆ ಕಾಣದ ಇಬ್ಬರನ್ನು ಆ ಪೋರ ಒಂದು ತಾಳದಲ್ಲಿ ಎದುರುಬದುರು ತಂದಿಟ್ಟಿದ್ದ. ವಿಡಿಯೊ ಹೋದರೂ ಆ ನೋಟ ಕಾಗದದ ಮೇಲೆ ಉಳಿದಿತ್ತು.

"ಆ ಹೀರೊ ಎಡಚ ಅಲ್ವಾ ಮೇಡಂ?" ಅಕ್ಕ ಕೇಳಿದಳು.

"ಎಡಚನೂ ಅಲ್ಲ, ಏನೂ ಅಲ್ಲ. ಕಾಲೇಜಲ್ಲಿದ್ದಾಗ ಅವನ ಒಂದು ಸಿನಿಮಾನೂ ಬಿಟ್ಟೋಳಲ್ಲ ನಾನು. ಕಾಲರ್ ಎತ್ತೋದು ಬಲಗೈಯಲ್ಲೇ."

"ಹಾಗಾದ್ರೆ ನಮ್ಮ ತಮ್ಮ ತಿರುಗಿಸಿರೋದು. ಚಾನೆಲ್ಲಿಗೆ ಹಾಕೋ ಮುಂಚೆ ಕನ್ನಡೀಲಿ ಕಂಡ ಹಾಗೆ ಮಾಡ್ತಿದ್ದ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಇದ್ದ ಹಾಗೇ ಹಾಕಿದ್ರೆ ಸಿನಿಮಾ ಕಂಪನಿಯೋರ ಮಷಿನ್ನು ಗುರುತು ಹಿಡಿದು ತೆಗೆಸಿಬಿಡತ್ತಂತೆ."

"ಕಳ್ಳ ಬುದ್ಧಿ," ಎಂದು ನಕ್ಕ ಭಾವ ಮುಂದಿನಿಂದ.

ವಕೀಲಮ್ಮ ನಗಲಿಲ್ಲ. ಹಾಳೆಗಳನ್ನು ಸರಸರ ತಿರುವಿದಳು. ಪ್ರತಿಯೊಂದರಲ್ಲೂ ಹೀರೊ ಎಡಚ. ಅಂಗಿಯ ಜೇಬು ಬಲ ಎದೆಗೆ. ಮಚ್ಚೆ ಬಲಗೆನ್ನೆಗೆ. ಕೊನೆಗೆ ಆ ಕೊನೆಯ ವಿಡಿಯೊದ ವರ್ಣನೆ ಬಂತು. ಕತ್ತರಿ ಕಾಣೆಯಾದ ದಿನ ಬೆಳಿಗ್ಗೆ ಚಾನೆಲ್ಲಿಗೆ ಬಂದು ಮಧ್ಯಾಹ್ನದೊಳಗೆ ಅಳಿಸಿಹೋದ ವಿಡಿಯೊ ಅದು.

'ಹೀರೊ ಬಲಗೈಯಿಂದ ಕಾಲರ್ ಎತ್ತುತ್ತಾನೆ.'

ಜೇಬು ಎಡಕ್ಕೆ. ಮಚ್ಚೆ ಎಡಗೆನ್ನೆಗೆ.

ಅವಳು ತನ್ನ ಫೋನು ತೆಗೆದಳು. ಆ ವಿಡಿಯೊ ಇನ್ನೂ ಚಾನೆಲ್ಲಿನಲ್ಲಿದ್ದಾಗ ಗುಂಪಿನ ಹುಡುಗಿಯೊಬ್ಬಳು ಹಿಡಿದಿಟ್ಟುಕೊಂಡ ಒಂದೇ ಒಂದು ನಿಂತ ಚಿತ್ರ ಅದರಲ್ಲಿತ್ತು. ಹೀರೊ ಕಾಲರ್ ಎತ್ತಿದ್ದು ಎಡಗೈಯಲ್ಲಿ. ಅಂದರೆ ಕತ್ತರಿ ಕೊನೆಯದನ್ನೂ ತಿರುಗಿಸಿಯೇ ಹಾಕಿದ್ದ. ತಿರುಗಿಸದ ವಿಡಿಯೊ ಇದ್ದದ್ದು ಅವನ ರೂಮಿನ ಕಂಪ್ಯೂಟರಿನಲ್ಲಿ ಮಾತ್ರ. ಪ್ರೆಸ್ ಮಾಮ ನೋಡಿ ಬರೆದದ್ದು ಅದನ್ನು.

ಚಾನೆಲ್ಲಿನಲ್ಲೇ ನೋಡಿದೆ ಎಂದು ಫೋನಿನಲ್ಲಿ ಎಷ್ಟು ಮೆತ್ತಗೆ ಹೇಳಿದ್ದ ಆ ಮನುಷ್ಯ! ರೂಮಿನ ದಾರಿಯೂ ತನಗೆ ಗೊತ್ತಿಲ್ಲ ಎಂದಿದ್ದ.

"ಪ್ರೆಸ್ಸಿಗೆ ಬಿಡಿ," ಎಂದಳು ಭಾವನಿಗೆ.

"ಏನಾದ್ರೂ ಸಿಕ್ತಾ?"

"ಸುಮ್ನೆ, ಒಂದು ಮಾತು ಕೇಳೋದಿದೆ."

ದಾರಿಯಲ್ಲಿ ಅಕ್ಕ ಸಣ್ಣಗೆ ಕೊನೆಯ ವಿಡಿಯೊದ ಹಾಡನ್ನು ಗುನುಗತೊಡಗಿದಳು. ವಕೀಲಮ್ಮನಿಗೂ ಬಾಯಿಪಾಠವಿದ್ದ ಹಳೆಯ ಹಾಡು. ಗುನುಗಿಗೆ ಸರಿಯಾಗಿ ಅವಳ ಬೆರಳು ಸಾಲಿಂದ ಸಾಲಿಗೆ ಇಳಿಯಿತು. ಎರಡನೆಯ ಚರಣದ ನಡುವೆ ಬೆರಳು ನಿಂತುಬಿಟ್ಟಿತು. ಹಾಡಿನಲ್ಲಿ ಸಾಲಿತ್ತು, ಕಾಗದದಲ್ಲಿ ಬಿಳಿ ಜಾಗವಿತ್ತು. 'ಕತ್ತಲು' ಎಂದೂ ಬರೆದಿರಲಿಲ್ಲ.

"ಸಾಕು ಬಿಡೇ, ಮೇಡಂಗೆ ತಲೆ ಚಿಟ್ಟುಹಿಡಿಯತ್ತೆ," ಎಂದ ಭಾವ.

ಅಕ್ಕ ಗುನುಗುವುದನ್ನು ತಕ್ಷಣ ನಿಲ್ಲಿಸಿದಳು.

ಕರಡು ತಿದ್ದುವ ಕೋಣೆ ಮೊದಲ ಮಹಡಿಯಲ್ಲಿತ್ತು. ಕೆಳಗೆ ಯಂತ್ರ ಓಡುವಾಗ ಮೇಲಿನ ನೆಲ ಸಣ್ಣಗೆ ಅದುರುತ್ತಿತ್ತು. ಶಾಯಿಯ ವಾಸನೆ, ಮೂಲೆಯಲ್ಲಿ ಹಾಳೆಗಳ ಗುಡ್ಡೆ, ಕಿಟಕಿಯ ಪಕ್ಕ ಒಂದು ಮೇಜು. ಕಿವಿಯ ಸಂದಿಯಲ್ಲಿ ಕೆಂಪು ಪೆನ್ನು ಸಿಕ್ಕಿಸಿಕೊಂಡಿದ್ದ ನಡುವಯಸ್ಸಿನ ಮನುಷ್ಯ ತಲೆಯೆತ್ತಿದ.

ವಕೀಲಮ್ಮ ನಮಸ್ಕಾರವನ್ನೂ ಹೇಳದೆ ಹಾಳೆಯನ್ನು ಅವನ ಮುಂದೆ ಬಡಿದಳು.

"ಇದನ್ನ ಎಲ್ಲಿ ಕೂತು ನೋಡಿದ್ರಿ?"

"ಚಾನೆಲ್ಲಲ್ಲೇ ಮೇಡಂ. ಅಳಿಸೋ ಮುಂಚೆ. ಅವತ್ತೇ ಹೇಳಿದ್ನಲ್ಲ."

"ಅವನ ರೂಮಿಗೆ ಹೋಗಿಲ್ಲ?"

"ಯಾವತ್ತೂ ಇಲ್ಲ."

"ಹಾಗಾದ್ರೆ ಹೀರೊ ಬಲಗೈಯಲ್ಲಿ ಕಾಲರ್ ಹೇಗೆ ಎತ್ತಿದ?"

ಅವನಿಗೆ ಅರ್ಥವಾಗಲಿಲ್ಲ. ವಕೀಲಮ್ಮ ತನ್ನ ಫೋನನ್ನು ಹಾಳೆಯ ಪಕ್ಕಕ್ಕಿಟ್ಟಳು. ಚಿತ್ರ ನೋಡಿದ, ತಾನು ಬರೆದದ್ದನ್ನು ನೋಡಿದ, ಮತ್ತೆ ಚಿತ್ರ ನೋಡಿದ. ದಿನವಿಡೀ ಪರರ ತಪ್ಪು ಹುಡುಕುವವನಿಗೆ ತನ್ನದು ಕಾಣಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅವಸರದಲ್ಲಿ ತಪ್ಪಾಗಿರಬೇಕು."

"ಕೈ ತಪ್ಪಾಯ್ತು, ಒಪ್ಪೋಣ. ಜೇಬೂ ತಪ್ಪಾ? ಮಚ್ಚೆನೂ ತಪ್ಪಾ? ಎಲ್ಲಾ ಒಟ್ಟಿಗೆ ಮಾತಾಡ್ಕೊಂಡು ತಪ್ಪಿದ್ವಾ?"

ಅವನು ಪೆನ್ನನ್ನು ಕಿವಿಯಿಂದ ತೆಗೆದು ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.

"ಮೇಡಂ, ನೀವು ಇದನ್ನ ತುಂಬಾ ದೊಡ್ಡದು ಮಾಡ್ತಿದೀರಿ. ಇದೇನು ಶಾಸನಾನಾ? ಹೊತ್ತು ಹೋಗದೆ ಗೀಚಿದ್ದು. ವಿಡಿಯೊನೇ ಹೋದ ಮೇಲೆ ವರ್ಣನೆಗೆ ಏನು ಬೆಲೆ? ಯಾರು ಓದ್ತಾರೆ? ನಾಲ್ಕು ಜನ ನಗ್ತಾರೆ, ಅಷ್ಟೇ."

ಅಷ್ಟು ಹೊತ್ತು ತಡೆದುಕೊಂಡಿದ್ದ ವಕೀಲಮ್ಮ ಈಗ ಸಿಡಿದಳು.

"ಬೆಳಿಗ್ಗೆಯಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ ನನಗೆ! ಆ ಇನ್ಸ್‌ಪೆಕ್ಟರ್ ಹೇಳಿದ, ಅವನ ಹಣೆಬರಹ. ನಾನೂ ಹೇಳಿದ್ದೆ, ನನ್ನ ದಡ್ಡತನ. ನೀವು ಹೇಳಬಾರದು! ಗುಂಪಿನಲ್ಲಿ ಯಾರೋ ಪೋರ ಇದೇ ಮಾತು ಆಡಿದ್ದಕ್ಕೆ ಅವನ ನೀರಿಳಿಸಿದ್ರಂತೆ ನೀವು. ನೋಡಕ್ಕಾಗದೋರು ಇದಾರೆ, ವಿಡಿಯೊ ಇವತ್ತಿದ್ದು ನಾಳೆ ಹೋಗತ್ತೆ, ಬರೆದಿದ್ದು ಉಳಿಯತ್ತೆ ಅಂತ ಕೂಗಾಡಿದ್ರಂತೆ. ಈ ಚಿತ್ರ ಕೊಟ್ಟ ಹುಡುಗಿ ಹೆಮ್ಮೆಯಿಂದ ಹೇಳ್ಕೋತಾಳೆ ಅದನ್ನ. ಇವತ್ತು ನಿಮ್ಮ ಕುತ್ತಿಗೆಗೆ ಬಂದ ತಕ್ಷಣ ಅದು ಗೀಚಿದ್ದಾಯ್ತಾ?"

ಆಚೆ ಮೇಜಿನಲ್ಲಿದ್ದವರು ತಿರುಗಿ ನೋಡಿದರು. ಅವಳು ಲೆಕ್ಕಿಸಲಿಲ್ಲ.

"ಮತ್ತೆ ಇದೇನು?" ಬಿಳಿ ಜಾಗದ ಮೇಲೆ ಬೆರಳು ಕುಟ್ಟಿದಳು. "ಇಲ್ಲಿ ಹಾಡಿದೆ, ಚಿತ್ರ ಇಲ್ಲ. ಕತ್ತಲೆಯನ್ನೂ ಬಿಡದೆ ಬರೆಯೋ ಮನುಷ್ಯ ಇಲ್ಲಿ ಏನನ್ನ ನುಂಗಿದೀರಿ? ಆ ಹುಡುಗನ್ನ ಏನು ಮಾಡಿದ್ರಿ?"

"ನಾನು ಅವನನ್ನ ಮುಟ್ಟಿಲ್ಲ!" ಅವನ ದನಿ ಒಡೆಯಿತು. "ನಾನು ಹೋಗೋ ಹೊತ್ತಿಗೆ ಅವನು ಅಲ್ಲಿರ್ಲೇ ಇಲ್ಲ. ಮಾತು ಕೊಟ್ಟಿದೀನಿ ಮೇಡಂ. ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಯಾರಿಗೆ?"

ಅವನು ಪೆನ್ನನ್ನು ಮೇಜಿನ ಅಂಚಿಗೆ ಸರಿಸಿದ.

"ಸಂಜೆ ಫೈಲ್ ಮುಚ್ತಾರೆ. ಮುಚ್ಚಿದ ಮೇಲೆ ಅವನನ್ನ ಯಾರೂ ಹುಡುಕಲ್ಲ. ಬದುಕಿದ್ರೂ ಹುಡುಕಲ್ಲ, ಸತ್ತಿದ್ರೂ ಹುಡುಕಲ್ಲ. ನಿಮ್ಮ ಮಾತನ್ನ ಅವನ ಫೋಟೊ ಪಕ್ಕ ಇಟ್ಕೊಂಡು ಕೂತಿರಿ."

ಅವನು ಎರಡೂ ಅಂಗೈಯಲ್ಲಿ ಮುಖ ಒರೆಸಿಕೊಂಡ.

"ಅವರ ಅಕ್ಕನಿಗೆ," ಎಂದ.

ವಕೀಲಮ್ಮನ ಸಿಟ್ಟಿಗೆ ಒಂದು ಕ್ಷಣ ಎಲ್ಲಿ ನಿಲ್ಲಬೇಕೆಂದೇ ತಿಳಿಯಲಿಲ್ಲ.

"ನನ್ನನ್ನ ರೂಮಿಗೆ ಕರೆಸಿದ್ದೇ ಅವರು. ತಮ್ಮ ಫೋನ್ ಎತ್ತಲಿಲ್ಲ ಅಂತ ಕೋಲು ಹಿಡ್ಕೊಂಡು ಒಬ್ಬರೇ ನಡೆದು ಬಂದಿದ್ರು. ಬಾಗಿಲು ತೆರೆದಿತ್ತು, ಕಂಪ್ಯೂಟರಲ್ಲಿ ಹಾಡು ಮುಗಿದು ಮುಗಿದು ಮತ್ತೆ ಶುರುವಾಗ್ತಿತ್ತು. ಅಣ್ಣ, ಪರದೆ ಮೇಲೆ ಏನಿದೆ, ಒಂದನ್ನೂ ಬಿಡದೆ ಹೇಳಿ ಅಂದ್ರು. ನೋಡ್ತಾ ಬರೆದೆ, ಬರೆದಿದ್ದನ್ನ ಓದಿದೆ."

"ಆ ಸಾಲಲ್ಲಿ ಏನಿತ್ತು?"

"ಸಿನಿಮಾದ್ದಲ್ಲ ಅನ್ನಿಸ್ತು. ರಸ್ತೆ ಆಚೆಯಿಂದ ತೆಗೆದಿದ್ದು, ಸ್ವಲ್ಪ ಅಲುಗಾಡ್ತಿತ್ತು. ಚಾನೆಲ್ಲಲ್ಲಿ ನೋಡಿದೋರೆಲ್ಲ ಯಾವುದೋ ಸಿನಿಮಾ ತುಣುಕು ಅಂದ್ಕೊಂಡಿರಬೇಕು." ಅವನು ಕಣ್ಣು ಮುಚ್ಚಿಕೊಂಡು ಬಾಯಿಪಾಠ ಒಪ್ಪಿಸುವಂತೆ ಹೇಳಿದ. "ಒಂದು ಮನೆಯ ಬಾಗಿಲು. ಒಬ್ಬ ಗಂಡಸಿನ ಬೆನ್ನು. ಹೊರಗಿನಿಂದ ಬೀಗ ಹಾಕುತ್ತಾನೆ. ಪಕ್ಕದ ಕಿಟಕಿಯ ಸರಳಿಗೆ ಕೆಂಪು ದಾರ ಕಟ್ಟಿದೆ. ಗಾಜಿನ ಹಿಂದೆ, ಒಳಗಿನಿಂದ, ಒಂದು ಅಂಗೈ ಬಡಿಯುತ್ತಿದೆ."

ಕೆಳಗೆ ಯಂತ್ರ ನಿಂತಿತು. ನೆಲದ ಅದುರು ನಿಂತದ್ದು ವಕೀಲಮ್ಮನ ಪಾದಕ್ಕೆ ಗೊತ್ತಾಯಿತು.

"ದಾರ ಅಂದ ತಕ್ಷಣ ಅವರು ನನ್ನ ಕೈ ಹಿಡ್ಕೊಂಡ್ರು. ಆ ದಾರ ನಾನೇ ಕಟ್ಟಿದ್ದು, ಮುಟ್ಟಿದ್ರೆ ಯಾವ ಕಿಟಕಿ ಅಂತ ಗೊತ್ತಾಗ್ಲಿ ಅಂತ. ಆ ಅಂಗೈ ನಂದು, ಅಂದ್ರು. ಆಮೇಲೆ ಒಂದು ಕೇಳಿದ್ರು ಮೇಡಂ. ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡ್ತಾನಾ ಅಂತ. ಹೌದು, ಎಳೆದು ನೋಡ್ತಾನೆ. ಆದ್ರೆ ನಾನು ಅಲ್ಲಿವರೆಗೆ ಇನ್ನೂ ಓದೇ ಇರ್ಲಿಲ್ಲ."

ಒಳಗೆ ಕೂತು ದಿನವೂ ಕೇಳಿಸಿಕೊಂಡವಳಿಗೆ ಅದನ್ನು ಯಾರೂ ಓದಿ ಹೇಳಬೇಕಿರಲಿಲ್ಲ. ಹೆಗಲ ಮೇಲಿನ ಕೈ, ಜೇಬಿನಲ್ಲಿನ ಫೋನು, ಸಾಕು ಬಿಡೇ ಎಂದೊಡನೆ ನಿಂತುಹೋದ ಗುನುಗು, ಎಲ್ಲವೂ ವಕೀಲಮ್ಮನ ಕಣ್ಣೆದುರೇ ನಡೆದಿತ್ತು. ಎರಡೂ ಕಣ್ಣು ನೆಟ್ಟಗಿದ್ದ ಅವಳು ಅದನ್ನೆಲ್ಲ ಕಾಳಜಿ ಎಂದುಕೊಂಡಿದ್ದಳು.

"ಅವತ್ತು ಹೊರಗೆ ಹೇಗೆ ಬಂದಳು ಅವಳು?"

"ಬೆಳಿಗ್ಗೆ ಇವರ ಗಂಡ ಫೋನಲ್ಲಿ ಏನೋ ನೋಡಿ ತಟಕ್ಕಂತ ಎದ್ದು ಹೋದ್ರಂತೆ. ಬೀಗ ಹಾಕೋದು ಮರೆತು. ಇವರ ಫೋನೂ ಮೇಜಿನ ಮೇಲೇ ಬಿಟ್ಟು. ಯಾವತ್ತೂ ಹಾಗೆ ಮರೆತೋರಲ್ಲವಂತೆ."

ವಿಡಿಯೊ ನೋಡಿದ್ದ. ಅದರಲ್ಲಿ ತನ್ನ ಬೆನ್ನನ್ನು ತಾನೇ ಗುರುತಿಸಿದ್ದ. ನೆಟ್ಟಗೆ ಕತ್ತರಿಯ ರೂಮಿಗೆ ಹೋಗಿದ್ದ. ಹೆಂಡತಿ ಕೋಲು ಹಿಡಿದು ದಾರಿ ಹುಡುಕಿಕೊಂಡು ಬರುವಷ್ಟರಲ್ಲಿ ಅಲ್ಲಿ ಹಾಡು ಮಾತ್ರ ಉಳಿದಿತ್ತು.

"ಅವಳು ನನಗೆ ಯಾಕೆ ಹೇಳಲಿಲ್ಲ?" ಎಂದಳು ವಕೀಲಮ್ಮ. ಹೇಳುವಾಗಲೇ ಉತ್ತರ ಹೊಳೆದು ನಾಚಿಕೆಯಾಯಿತು. ಆ ಗಂಡ ಪಕ್ಕದಲ್ಲಿಲ್ಲದೆ ಅಕ್ಕನನ್ನು ಅವಳು ಒಮ್ಮೆಯಾದರೂ ಮಾತಾಡಿಸಿದ್ದಳೇ?

"ವರ್ಣನೆ ಯಾವಾಗ್ಲೂ ಅವರ ಫೋನಿಗೇ ಕಳಿಸೋದು. ಆ ಫೋನನ್ನ ಗಂಡ ನೋಡ್ತಾರಂತೆ. ಅದಕ್ಕೇ ಸಾಲು ತೆಗೀರಿ ಅಂದ್ರು." ಪ್ರೆಸ್ ಮಾಮ ಹಾಳೆಯನ್ನು ಅವಳ ಕಡೆಗೆ ಸರಿಸಿದ. "ತೆಗೆದು ಮೇಲಿನದು ಕೆಳಗಿನದು ಕೂಡಿಸೋಕೆ ಹೋದೆ. ಬೇಡ ಅಣ್ಣ, ಜಾಗ ಹಾಗೇ ಇರ್ಲಿ ಅಂದ್ರು. ಯಾರಾದ್ರೂ ಹಾಡಿನ ಜೊತೆ ಓದಿದ್ರೆ ತಿಳಿಯತ್ತೆ ಅಂದ್ರು."

ವಕೀಲಮ್ಮ ಕಿಟಕಿಯ ಬಳಿಗೆ ಧಾವಿಸಿದಳು.

ಕೆಳಗೆ ಕಾರಿನ ಹಿಂಬಾಗಿಲ ಬಳಿ ಭಾವ ನಿಂತಿದ್ದ. ಗಾಳಿಗೆಂದು ಇಳಿದಿದ್ದಳೋ ಏನೋ, ಅಕ್ಕನನ್ನು ಮೊಣಕೈ ಹಿಡಿದು ಒಳಗೆ ಕೂರಿಸುತ್ತಿದ್ದ. ಕೋಲನ್ನು ಅವಳ ಕೈಯಿಂದ ತೆಗೆದು ಮಡಚಿದ. ಬಾಗಿಲು ಹಾಕಿದ. ಹಿಡಿ ಹಿಡಿದು ಎರಡು ಸಲ ಎಳೆದು ನೋಡಿದ.

"ಏಯ್!" ಎಂದು ಕೂಗಿದಳು.

ಅವನು ಮೇಲೆ ನೋಡಿ ನಗುತ್ತ ಕೈ ಬೀಸಿದ. "ಇವಳಿಗೆ ತಲೆನೋವಂತೆ ಮೇಡಂ! ಮನೆಗೆ ಕರ್ಕೊಂಡು ಹೋಗ್ತೀನಿ. ನೀವು ಆರಾಮಾಗಿ ಮುಗಿಸ್ಕೊಂಡು ಬನ್ನಿ!"

ಮೆಟ್ಟಿಲನ್ನು ಅವಳು ಇಳಿದಳೋ ಬಿದ್ದಳೋ ಅವಳಿಗೇ ಗೊತ್ತಿಲ್ಲ. ರಸ್ತೆಗೆ ಬರುವಷ್ಟರಲ್ಲಿ ಕಾರು ತಿರುವು ದಾಟಿತ್ತು. ಓಡುತ್ತಲೇ ಅಕ್ಕನ ಫೋನಿಗೆ ಕರೆ ಮಾಡಿದಳು. ಆ ಕಡೆ ಫೋನು ಎತ್ತಿದ್ದು ಅವನೇ.

"ಹೇಳಿ ಮೇಡಂ. ಏನಂದ ಆ ಗೀಚೋನು?"

"ಕಾರು ನಿಲ್ಸು. ಈಗಲೇ ನಿಲ್ಸು. ನನ್ನ ಕಕ್ಷಿದಾರಳು ಅವಳು."

"ಅದಕ್ಕೆ ಮುಂಚೆ ನನ್ನ ಹೆಂಡತಿ." ಅವನ ದನಿಯಲ್ಲಿ ಬೆಳಗಿನ ನಯ ಹಾಗೇ ಇತ್ತು. "ತಮ್ಮ ತಮ್ಮ ಅಂತ ಒಂದೇ ಹಟ ಮೇಡಂ ಇವಳದು. ಸರಿ ಬಿಡು, ಅವನಿರೋ ಕಡೆಗೇ ಕರ್ಕೊಂಡು ಹೋಗ್ತೀನಿ ಅಂದೆ."

ಹಿಂದಿನ ಸೀಟಿನಿಂದ ಅಕ್ಕನ ದನಿ ಕೇಳಿತು. ಫೋನಿನವರೆಗೆ ಮುಟ್ಟಲೆಂದು ಅವಳು ಗಟ್ಟಿಯಾಗಿ, ಬಿಡಿಬಿಡಿಯಾಗಿ ಹೇಳುತ್ತಿದ್ದಳು.

"ಬರ್ಕೊಳ್ಳಿ ಮೇಡಂ. ಬಲಕ್ಕೆ ತಿರುಗಿದ. ರೈಲು ಹಳಿ ದಾಟಿದ. ಈಗ ಕಲ್ಲು ರಸ್ತೆ, ಇಳಿಜಾರು. ಎಡಗಡೆ ನೀರಿನ ಸದ್ದು..."

ಫೋನು ಕಟ್ಟಾಯಿತು.